ಮೂಗಿನಕ್ಕನ ಕೈ

ಮೇಜಿನ ಮೇಲೆ ಐದು ಜೊತೆ ಡ್ಯಾನ್ಸ್ ಶೂಗಳನ್ನು ಸಾಲಾಗಿ ಇಟ್ಟು ಹೊಸ ಮ್ಯಾನೇಜರ್ ಕೈ ಕಟ್ಟಿ ನಿಂತ. "ಅಕ್ಕ, ಇದರಲ್ಲಿ ಒಂದು ಜೊತೆ ನಾರ್ತಾ ಇದೆ. ಯಾವುದು ಅಂತ ಹೇಳಿಬಿಡಿ, ನಾನು ಇನ್ನೇನೂ ಕೇಳಲ್ಲ."

ಮೂಗಿನಕ್ಕನಿಗೆ ಅರ್ಥವಾಯಿತು. ಗುಟ್ಟು ರಟ್ಟಾಗಿತ್ತು. ಈ ನೃತ್ಯ ತಂಡದ ಶೂ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಅವಳದೇ ಕಾರುಬಾರು. ಕಣ್ಣು ಮುಚ್ಚಿ ಮೂಸಿದರೆ ಸಾಕು, ಶೂ ಯಾರದ್ದು, ಆ ಪುಣ್ಯಾತ್ಮ ನಿನ್ನೆ ಕಾಲುಚೀಲ ಬದಲಿಸಿದ್ದನೋ ಇಲ್ಲವೋ ಎಲ್ಲ ಹೇಳಿಬಿಡುತ್ತಿದ್ದಳು. ಆ ಹೆಸರು ಬಂದದ್ದೇ ಹಾಗೆ. ಆದರೆ ಎಂಟು ತಿಂಗಳ ಹಿಂದೆ ಬಂದ ಜ್ವರ, ಹೋಗುವಾಗ ಅವಳ ಮೂಗಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಗಿತ್ತು. ಅದನ್ನು ಯಾರಿಗೂ ಹೇಳದೆ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು. ಹೋದ ವಾರ ಇಸ್ತ್ರಿ ಪೆಟ್ಟಿಗೆಯ ಕೆಳಗೆ ಬಟ್ಟೆ ಸುಟ್ಟು ಕರಕಲಾಗುತ್ತಿದ್ದರೂ ಅತ್ತ ಬೆನ್ನು ಹಾಕಿ ಲೇಸು ಪೋಣಿಸುತ್ತ ಕೂತಿದ್ದಳಲ್ಲ, ಆಗ ಮ್ಯಾನೇಜರ್ ಕಣ್ಣಿಗೆ ಬಿದ್ದಿದ್ದಳು.

"ವಾಸನೇನೇ ಗೊತ್ತಾಗದವರಿಗೆ ಈ ಕೋಣೆ ಯಾಕಕ್ಕ? ನಾಳೆಯಿಂದ ಟಿಕೆಟ್ ಕೌಂಟರಿನಲ್ಲಿ ಆರಾಮಾಗಿ ಕೂತ್ಕೊಳ್ಳಿ. ಇಲ್ಲಿಗೆ ಸೆಂಟಿನ ಸ್ಪ್ರೇ ತರಿಸ್ತೀನಿ. ಪುಸ್ ಅಂದ್ರೆ ಮುಗೀತು." ಅವನ ದನಿಯಲ್ಲಿ ಕನಿಕರವಿತ್ತು. ಅವಳಿಗೆ ಉರಿದದ್ದು ಅದಕ್ಕೇ.

"ಸೆಂಟಾ? ಸ್ನಾನ ಮಾಡದೆ ಪೌಡರ್ ಬಳ್ಕೊಂಡ ಹಾಗಿರುತ್ತೆ ಸಾರ್."

ಬಾಗಿಲ ಬಳಿ ತಂಡದ ಮುಖ್ಯ ನರ್ತಕಿ ಬ್ಯಾಗು ಹೆಗಲಿಗೇರಿಸಿ ನಿಂತಿದ್ದಳು. ತನ್ನ ಶೂ ಒಯ್ಯಲು ಬಂದವಳು, ಅವು ಆ ಸಾಲಿನಲ್ಲಿರುವುದನ್ನು ಕಂಡು ಹೊಸ್ತಿಲಲ್ಲೇ ತಡೆದಿದ್ದಳು.

ಮೂಗಿನಕ್ಕ ಶೂಗಳನ್ನು ಮೂಗಿನ ಹತ್ತಿರಕ್ಕೂ ತರಲಿಲ್ಲ. ಟವೆಲಿಗೆ ಬಲಗೈಯನ್ನು ಚೆನ್ನಾಗಿ ಒರೆಸಿಕೊಂಡು, ಮೊದಲ ಶೂ ಒಳಗೆ ಎರಡು ಬೆರಳು ತೂರಿಸಿ, ಹೆಬ್ಬೆರಳು ಕೂರುವ ತುದಿಯನ್ನು ಮೆಲ್ಲಗೆ ಒತ್ತಿ ನೋಡಿದಳು. ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಅದನ್ನು ಪಕ್ಕಕ್ಕಿಟ್ಟು ಎರಡನೆಯದನ್ನು ಮುಟ್ಟಿದಳು. ಮೂರನೆಯದಕ್ಕೆ ಕೈ ಹೋದದ್ದೇ ಮುಖ ಸಿಂಡರಿಸಿದಳು.

"ಇದು. ಹಸಿ ಆರೋಕೆ ಮುಂಚೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಟ್ಟಿದ್ದೀರಿ. ಎರಡು ಮೂರು ದಿನ ಆಗಿರಬೇಕು."

ಮ್ಯಾನೇಜರ್ ಪೆಚ್ಚಾದ. ಅಭ್ಯಾಸ ಮುಗಿಸಿದ ಹುಡುಗನೊಬ್ಬನ ಶೂಗಳನ್ನು ಇಸಕೊಂಡು, ಕವರಿನಲ್ಲಿ ಕಟ್ಟಿ ಮೂರು ದಿನ ತನ್ನ ಡ್ರಾಯರಿನಲ್ಲಿ ಬಚ್ಚಿಟ್ಟವನು ಅವನೇ. "ಸರಿ ಅಕ್ಕ, ಒಪ್ಪಿದೆ," ಎಂದು ಹೊರಟ.

"ನಿಲ್ಲಿ. ಇನ್ನೂ ಮುಗಿದಿಲ್ಲ." ಅವಳ ಬೆರಳು ಐದನೆಯ ಜೊತೆಯೊಳಗಿತ್ತು. "ಇದೂ ಕೆಟ್ಟಿದೆ. ತುದೀಲಿ ಹಸಿ ಕೂತಿದೆ."

ಅವನು ಅದನ್ನೆತ್ತಿ ಒಂದಲ್ಲ, ಎರಡು ಸಲ ಮೂಸಿದ. ಮುಖ ಅರಳಿತು. "ಬರೀ ಚರ್ಮದ ವಾಸನೆ! ಇಲ್ಲಿ ಎಡವಿದ್ರಿ ನೋಡಿ."

"ಇವತ್ತು ನಿಮಗೆ ನಾತ ಬರಲ್ಲ. ಶನಿವಾರ ಬರುತ್ತೆ. ನಮ್ಮ ಶೋ ದಿನಾನೇ."

ಬಾಗಿಲಲ್ಲಿದ್ದ ನರ್ತಕಿ ನಾಲಿಗೆ ಕಚ್ಚಿಕೊಂಡಳು. "ಅದು ನಂದೇ, ಅಕ್ಕ. ಎರಡು ದಿನ ಬಿಡದೆ ಅದೇ ಜೊತೆ ಹಾಕ್ಕೊಂಡೆ. ನಿನ್ನೆ ಒಳಗೆ ಪೇಪರೂ ತುರುಕಲಿಲ್ಲ."

"ಎಷ್ಟು ಸಲ ಬಡ್ಕೊಂಡಿದ್ದೀನಿ ಕಣೇ! ಒಂದು ಜೊತೆ ಕುಣೀವಾಗ ಇನ್ನೊಂದು ಜೊತೆ ಮಲಗಬೇಕು ಅಂತ." ಬೈಯುತ್ತಲೇ ಮೂಗಿನಕ್ಕ, ಹಸಿ ಹೀರಲೆಂದು, ಹಳೆಯ ಪೇಪರ್ ಹರಿದು ಉಂಡೆ ಮಾಡಿ ಶೂ ತುದಿಗೆ ತುರುಕತೊಡಗಿದಳು. ಫ್ಯಾನಿನ ಎದುರಿನ ಹಲಗೆಯ ಮೇಲೆ ತಂಡದ ಉಳಿದ ಶೂಗಳೆಲ್ಲ ಹೀಗೇ ಹೊಟ್ಟೆ ತುಂಬ ಪೇಪರ್ ತುಂಬಿಕೊಂಡು, ನಾಲಿಗೆ ಹೊರಚಾಚಿ ಗಾಳಿಗೆ ಮಲಗಿದ್ದವು.

"ಇದೆಲ್ಲ ನಿಮಗೆ ಹೇಗೆ ಗೊತ್ತಾಗುತ್ತೆ ಅಕ್ಕ?" ಎಂದ ಮ್ಯಾನೇಜರ್.

ಮೂಗು ಹೋದ ಮೊದಲ ವಾರಗಳಲ್ಲಿ ಇದೇ ಕೋಣೆಯ ಬಾಗಿಲು ಹಾಕಿಕೊಂಡು ಅತ್ತದ್ದು ಅವಳಿಗೆ ನೆನಪಾಯಿತು. ಅತ್ತು ಅತ್ತು ಸಾಕಾಗಿ, ಒಂದೊಂದೇ ಶೂ ಒಳಗೆ ಬೆರಳಿಟ್ಟು ಹಸಿ ಹುಡುಕಲು ಕೂತದ್ದೂ ನೆನಪಾಯಿತು. ಹತ್ತೊಂಬತ್ತು ವರ್ಷದಲ್ಲಿ ಆಗದಿದ್ದ ಹೆಮ್ಮೆ ಈಗ ಎದೆ ತುಂಬಿ ಬಂತು.

"ಮೂಗಿದ್ದಾಗ ನಾತ ಬಂದ ಮೇಲೆ ಓಡಾಡ್ತಿದ್ದೆ ಸಾರ್. ಈಗ ಬರೋಕೇ ಬಿಡಲ್ಲ."

ಹಾಗೆಂದು ಕೈಯನ್ನು ಮತ್ತೆ ಟವೆಲಿಗೆ ಒರೆಸಿಕೊಳ್ಳುತ್ತ, ಫಳಫಳ ಹೊಳೆಯುತ್ತಿದ್ದ ಅವನ ಕರಿ ಬೂಟುಗಳನ್ನೇ ನೋಡಿದಳು. ಮ್ಯಾನೇಜರ್ ಮೆಲ್ಲಗೆ ಎರಡು ಹೆಜ್ಜೆ ಹಿಂದಕ್ಕೆ ಸರಿದ.