ಕುತ್ತಿಗೆಯಿಂದ ಕೆಳಗೆ

ಹೋದ ವರ್ಷ ವಿಶ್ವವಿದ್ಯಾಲಯದ ಸಾಂಸ್ಕೃತಿಕ ಉತ್ಸವದಲ್ಲಿ, ಅಷ್ಟು ಜನರ ಎದುರು, ಕಾಬೂಲಿನಿಂದ ಓದಲು ಬಂದಿದ್ದ ಆ ಹುಡುಗಿ ಫೋಟೊಗ್ರಾಫರ್ ಗವಿಸಿದ್ದಪ್ಪನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡು ತನ್ನ ಫೋಟೊಗಳನ್ನೆಲ್ಲ ಅಳಿಸಿ ಹಾಕಿದ್ದಳು. ಹುಡುಗರು ಶಿಳ್ಳೆ ಹೊಡೆದು ನಕ್ಕಿದ್ದರು. ಇಪ್ಪತ್ತು ವರ್ಷದ ಕಸುಬಿನಲ್ಲಿ ಅವನಿಗೆ ಅಂಥ ಅವಮಾನ ಆಗಿರಲಿಲ್ಲ. ವರ್ಷವಿಡೀ ಹಲ್ಲು ಕಚ್ಚಿ ಕಾದ.

ಈ ಸಲ ಅವಳು ತನ್ನ ನಾಡಿನ ಕುಣಿತಕ್ಕೆ ವೇದಿಕೆ ಹತ್ತಿದಳು. ಮಣಿಪುರದವರನ್ನು, ಟಿಬೆಟಿನವರನ್ನು, ಲಂಬಾಣಿ ಹುಡುಗಿಯರನ್ನು ಅವನು ಮನಸ್ಸಿಟ್ಟು ತೆಗೆದ. ಅವಳ ಸರದಿ ಬಂದಾಗ ಮಾತ್ರ ಬೇಕಂತಲೇ ಕ್ಯಾಮೆರಾ ತಗ್ಗಿಸಿ, ಒಂದೊಂದು ಫೋಟೊದಲ್ಲೂ ಕುತ್ತಿಗೆಯಿಂದ ಮೇಲೆ ಕತ್ತರಿಸಿದ. 'ಮನೆಗೆ ಕಳಿಸಲಿ ನೋಡೋಣ, ಈ ಮುಂಡಗಳನ್ನ!' ಅಂದುಕೊಂಡು ಅವನ್ನೇ ವೆಬ್‌ಸೈಟಿಗೂ ಕೊಟ್ಟ.

ಮರುದಿನ ಅವಳು ಹುಡುಕಿಕೊಂಡು ಬಂದಳು. ಕಣ್ಣು ಕೆಂಪಾಗಿದ್ದವು.

"ಒಂದರಲ್ಲೂ ನನ್ನ ಮುಖ ಇಲ್ಲ. ನೀವೇ ತೆಗೆದದ್ದಾ?" ಕಲಿತ ಕನ್ನಡದಲ್ಲೇ ಕೇಳಿದಳು.

"ಹೂಂ, ನಾನೇ. ಬೇಕಂತಲೇ ತೆಗೆದೆ. ಏನೀಗ?" ಜಗಳಕ್ಕೆ ಸಿದ್ಧನಾಗಿ ಅವನು ಎದ್ದು ನಿಂತ.

ಅವಳು ಎದೆಯ ಮೇಲೆ ಕೈಯಿಟ್ಟು ತಲೆಬಾಗಿದಳು.

"ನಾನು ಕುಣಿದದ್ದು ಗೊತ್ತಾದರೆ ಊರಲ್ಲಿ ನಮ್ಮಪ್ಪನನ್ನು ಉಳಿಸೋದಿಲ್ಲ. ಇದನ್ನ ನಾನು ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಗೆ ತಿಳೀತು ಅಣ್ಣಾ?"