ಠಸ್ಸೆ ಬೀಳುವ ಮುನ್ನ

ಪದವಿ ಪತ್ರದಲ್ಲಿ ಬರೆಸಿದ ಹೆಸರೊಂದೇ ಉಳಿಯುತ್ತಿತ್ತು. ಬೇರೆ ಹೆಸರುಗಳು ಠಸ್ಸೆ ಬಿದ್ದೊಡನೆ ಎಲ್ಲರಿಗೂ ಮರೆತುಹೋಗುತ್ತಿದ್ದವು. ಐವತ್ತನೆಯ ವಯಸ್ಸಿನಲ್ಲಿ ಬಿ.ಎ. ಮುಗಿಸಿದ ಶಾಂಭವಿ, ಅಣ್ಣ ಫಕೀರೇಶನೊಂದಿಗೆ ವಿಶ್ವವಿದ್ಯಾಲಯದ ಕಿಟಕಿಯೆದುರು ನಿಂತಳು. ಚಿಕ್ಕಂದಿನಲ್ಲಿ ನಾಲಿಗೆ ಹೊರಳದೆ ಅವನು ಕರೆದ 'ಸಾಂಬಿ' ಎಂಬ ಹೆಸರೇ ಓಣಿಗೆಲ್ಲ ಹಬ್ಬಿತ್ತು.

"ಸಾಂಬಿ ಅಂತನ ಬರಸ್ಲೇನಣ್ಣ?"

"ಬ್ಯಾಡ. ಅಪ್ಪ ಆಸೆಪಟ್ಟು ಇಟ್ಟ ಹೆಸರು ಬರಸು. ನನ್ನ ತೊದಲು ಮಾತು ಯಾಕ ಅದರಾಗ?"

"ಹಂಗಾರ ಒಮ್ಮೆ ಕರಿ. ಹೊಳಿ ದಂಡಿಗೆ ನಿಂತು ಕರೀತಿದ್ಯಲ್ಲ, ಹಂಗ."

ಸಾಲಿನಲ್ಲಿದ್ದವರಿಗೆ ನಾಚದೆ ಅವನು ಕೂಗಿದ: "ಸಾಂಬೀ... ಉಣ್ಣಾಕ ಬಾ!"

ಅವಳು ಕಣ್ಣೊರೆಸಿಕೊಂಡು 'ಶಾಂಭವಿ' ಎಂದು ಬರೆದುಕೊಟ್ಟಳು. ಗುಮಾಸ್ತ ಠಸ್ಸೆ ಒತ್ತಿದ.

ಮೆಟ್ಟಿಲಿಳಿಯುವಾಗ ಫಕೀರೇಶ ಅವಳನ್ನು ಕರೆಯಲು ಬಾಯ್ತೆರೆದು ತಡವರಿಸಿದ. ಶಾಂಭವಿ ಎನ್ನಲು ಅವನಿಗೆ ರೂಢಿಯೇ ಇರಲಿಲ್ಲ. ಕೊನೆಗೆ ಅವಳ ಕೈ ಹಿಡಿದು, "ಸಾವಕಾಶ ಇಳಿ, ತಂಗಿ," ಎಂದ.