ಹೆಚ್ಚಾದ ಎಡೆ

ಹಿರಿಯರ ಹಬ್ಬಕ್ಕೆ ಸಾಕಮ್ಮ ಎಡೆ ಇಟ್ಟು ಮುಗಿಸಿದಾಗ ಬಡಿಸಿದ ಒಂದು ಬಾಳೆಲೆ ಹೆಚ್ಚಾಗಿತ್ತು. ಮಾವನ ಎಡೆಯಲ್ಲಿ ಬೀಡಿ, ಅತ್ತೆಯದರಲ್ಲಿ ಎಲೆಯಡಿಕೆ, ಗಂಡನದರಲ್ಲಿ ಕೋಳಿಸಾರು. ಇನ್ನೊಂದು ಯಾರದು?

ಫೋನಿನಲ್ಲಿ, ನೆಂಟರೆಲ್ಲ ಸೇರಿ ಆನ್‌ಲೈನಿನಲ್ಲಿ ಬರೆದಿಟ್ಟ ವಂಶವೃಕ್ಷ ತೆರೆದಳು. ಅದರ ಪ್ರಕಾರ ಈ ಮನೆಯಲ್ಲಿ ಸತ್ತವರು ಮೂವರೇ. ಆ ವಂಶವೃಕ್ಷದಲ್ಲಿ ಹೆಸರು ಅಳಿಸಿದರೆ ಆ ಮನುಷ್ಯ ಎಲ್ಲರ ತಲೆಯಿಂದಲೂ ಅಳಿದುಹೋಗುವುದು, ಅಳಿಸಿದವನಿಗೆ ಮಾತ್ರ ನೆನಪು ಉಳಿಯುವುದು ಯಾರಿಗೂ ಹೊಸದಲ್ಲ. ಈ ಮನೆಯ ಹೆಸರುಗಳನ್ನು ತಿದ್ದುವವನು ಮೈದುನ ದೇವೀರಪ್ಪ ಒಬ್ಬನೇ. ಆಸ್ತಿಯಲ್ಲಿ ಪಾಲಿದ್ದ ಯಾರನ್ನೋ ಇವನು ಅಳಿಸಿಹಾಕಿದ್ದಾನೆ ಎಂದುಕೊಂಡಳು.

"ಯಾರ ಹೆಸ್ರು ಅಳಿಸಿದ್ದೀಯ, ದೇವೀರ?"

"ಲೆಕ್ಕ ತಪ್ಪೋಗದೆ ಕಣತ್ಗೆ, ಎತ್ತಿಬುಡಿ ಅದ್ನ."

"ನಾಕು ಎಡೆ ಇಕ್ಕಿ ನನ್ ಕೈಗೆ ಅಭ್ಯಾಸ ಆಗೋಗದೆ. ಸುಳ್ಳೇಳ್ಬೇಡ."

ಅವನು ಮುಖ ತಿರುಗಿಸಿದ. "ಹೋದ್ವರ್ಸಾನೂ ಇಂಗೇ ಕೇಳುದ್ರಿ. ತಡ್ಕೊಳಕ್ಕಾಗಲ್ಲ, ಅಳಿಸ್ಬುಡು ಅಂತ ಅವತ್ತು ಗೋಗರೆದೋರು ನೀವೇಯ."

ನಂಬಬೇಕೋ ಬೇಡವೋ ತಿಳಿಯದೆ ಸಾಕಮ್ಮ ಆ ಎಡೆಯನ್ನು ಮೊದಲ ಸಲ ಸರಿಯಾಗಿ ನೋಡಿದಳು. ಖಾರವಿಲ್ಲ, ಮೂಳೆಯಿಲ್ಲ. ಇನ್ನೂ ಹಲ್ಲು ಬಾರದ ಬಾಯಿಗೆ ಉಣ್ಣಿಸುವಂತೆ, ಹಾಲು ಹಾಕಿ ನುಣ್ಣಗೆ ಕಿವುಚಿದ ಒಂದು ಹಿಡಿ ಅನ್ನವಿತ್ತು.